ಕಕ್ಷಿದಾರರ ಗುಟ್ಟು ಬಿಡದೆ ನಮ್ಮ ಭಾರ ಇಳಿಸಿಕೊಂಡಿದ್ದು

ನಮ್ಮ ವಕೀಲರ ಆಫೀಸಿಗೆ ಬರುವುದು ಹೆಚ್ಚಾಗಿ ಕೌಟುಂಬಿಕ ನ್ಯಾಯಾಲಯದ ಕೇಸುಗಳು, ಜೊತೆಗೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳು. ಕೆಲಸ ಜಾಸ್ತಿಯಾದರೆ ಹೇಗೋ ತಡೆದುಕೊಳ್ಳಬಹುದು. ಕೇಳಿಸಿಕೊಂಡದ್ದನ್ನು ಯಾರ ಹತ್ತಿರವೂ ಹೇಳುವಂತಿಲ್ಲ ಅನ್ನುವುದೇ ಹೆಚ್ಚು ಕಷ್ಟ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಂ ನಮ್ಮ ಬಾಯಿ ಕಟ್ಟುತ್ತದೆ, ಗುಮಾಸ್ತರದ್ದೂ ಸೇರಿ. ಪೋಕ್ಸೊದಲ್ಲಿ ಮಗುವಿನ ಗುರುತೂ ಹೊರಗೆ ಬರಬಾರದು. ಇದೆಲ್ಲ ಇರಲೇಬೇಕು. ಆದರೆ ಮನೆಯಲ್ಲಿ "ಯಾಕೆ ಮುಖ ಸಪ್ಪಗಿದೆ?" ಅಂದರೆ "ಏನಿಲ್ಲ" ಅನ್ನುತ್ತಲೇ ಎಷ್ಟು ವರ್ಷ ಕಳೆಯುವುದು?

ಒಂದು ಸಂಜೆ ನನ್ನ ಜೂನಿಯರ್ ಚಾರ್ಜ್‌ಶೀಟ್ ಮುಚ್ಚಿಟ್ಟು, "ಮೇಡಂ, ಇದನ್ನ ಓದಿದ್ಮೇಲೆ ಊಟಾನೇ ಸೇರ್ತಿಲ್ಲ" ಎಂದಳು. ಅದರಲ್ಲಿದ್ದದ್ದು ಪುಟ್ಟ ಮಗುವಿನ ಹೇಳಿಕೆ. "ಅಭ್ಯಾಸ ಆಗುತ್ತೆ ಬಿಡು" ಅನ್ನುವುದು ಈ ವೃತ್ತಿಯ ಹಳೇ ಉತ್ತರ. ನನಗೆ ಹಾಗನ್ನಲು ಮನಸ್ಸಾಗಲಿಲ್ಲ. "ಯಾವ ಪುಟದಲ್ಲಿ ನಿಂತೆ?" ಅಂತ ಕೇಳಿದೆ. ತೋರಿಸಿದಳು. ನಾನೂ ಅಲ್ಲೇ ನಿಂತಿದ್ದೆ ಅಂತ ಹೇಳಿದೆ. ಇಬ್ಬರೂ ತುಂಬ ಹೊತ್ತು ಮಾತಾಡಿದೆವು.

ಈಗ ಅದು ಆಫೀಸಿನ ರೂಢಿ. ಡೈರಿಗೆ ಮುಂದಿನ ತಾರೀಕು ಬರೆದಾದ ಮೇಲೆ, ಕಷ್ಟದ ಕೇಸು ನಡೆದ ದಿನ ಬಾಗಿಲು ಹಾಕಿ ಕೂರುತ್ತೇವೆ. ಆ ಕೇಸಿನ ವಕಾಲತ್ತಿನಲ್ಲಿ ಹೆಸರಿರುವವರಷ್ಟೇ. ಕೇಸಿನ ಕಥೆ ಯಾರೂ ಹೇಳಬೇಕಿಲ್ಲ, ಅದು ಫೈಲಿನಲ್ಲೇ ಇದೆ. ಪಾಟೀಸವಾಲಿನ ಹೊತ್ತಿಗೆ ಏನನ್ನಿಸಿತು, ರಾತ್ರಿ ನಿದ್ದೆ ಬಂತಾ, ಇವನ್ನು ಮಾತಾಡುತ್ತೇವೆ. ಮನೆಯಲ್ಲೂ ಹೀಗೇ ಹೇಳಿ ಅಂತ ಜೂನಿಯರ್‌ಗಳಿಗೆ ಹೇಳಿದ್ದೇನೆ: "ಇವತ್ತು ಮನಸ್ಸಿಗೆ ತುಂಬ ಬೇಜಾರಾಗೋ ಕೇಸಿತ್ತು, ಸ್ವಲ್ಪ ಹೊತ್ತು ಸುಮ್ನೆ ಇರ್ತೀನಿ." ಇದರಲ್ಲಿ ಯಾರ ಗುಟ್ಟೂ ಬಯಲಾಗಲ್ಲ, ಅಲ್ವಾ?

ಪೋಕ್ಸೊ ಫೈಲುಗಳು ಒಬ್ಬರ ಮೇಜಿನ ಮೇಲೇ ರಾಶಿ ಬೀಳದ ಹಾಗೆ ಹಂಚುತ್ತೇನೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕಾದ್ದರಿಂದ ರಾತ್ರಿ ಫೋನು ತಪ್ಪಲ್ಲ. ಅದಕ್ಕೆ ಸರದಿ ಹಾಕಿಕೊಂಡಿದ್ದೇವೆ. ಸರದಿ ಇಲ್ಲದವರು ಫೋನು ಬದಿಗಿಟ್ಟು ಮಲಗಬಹುದು.

ದುಡ್ಡಿನ ಮಾತು ಬಿಟ್ಟು ನೆಮ್ಮದಿಯ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸಲಹೆ ಕೊಟ್ಟಿತು. ಅದು ಬರೀ ಸಲಹೆ, ಕಡ್ಡಾಯವಲ್ಲ. ಬಾಡಿಗೆಗೆ ಊರಿಂದ ಅಪ್ಪನ ಹತ್ತಿರ ದುಡ್ಡು ತರಿಸಿಕೊಳ್ಳುವ ಹುಡುಗನಿಗೆ ಧ್ಯಾನ ಮಾಡು ಅಂದರೆ ಏನು ಪ್ರಯೋಜನ? ನಮ್ಮಲ್ಲಿ ತಿಂಗಳ ಮೊದಲಲ್ಲೇ ಸಂಬಳ ಕೊಡುತ್ತೇವೆ.

ಮಾತಿನಿಂದ ಇಳಿಯದ ಭಾರವೂ ಇರುತ್ತದೆ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಮುಂದಿನ ತಾರೀಕಿನ ಬೋರ್ಡಿನ ಪಕ್ಕದಲ್ಲೇ ಅಂಟಿಸಿದ್ದೇನೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಹತ್ತಿರ ಹೋದರೆ ಕೋರ್ಟಿನ ವಕೀಲರ ಕೊಠಡಿಗೆಲ್ಲ ಗೊತ್ತಾಗುತ್ತೆ ಅನ್ನುವ ಹೆದರಿಕೆ ವಕೀಲರಲ್ಲೂ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ರೋಗಿಯ ವಿಷಯ ಗುಟ್ಟಾಗಿಡಬೇಕು ಅನ್ನುತ್ತದೆ. ಕಕ್ಷಿದಾರರಿಗೆ ನಾವು ಕೊಡುವ ಭರವಸೆಯೇ ಅಲ್ಲಿ ನಮಗೂ ಸಿಗುತ್ತದೆ. ವೈದ್ಯರ ಹತ್ತಿರ ಹೋಗಬೇಕು ಅಂತ ಯಾರಾದರೂ ರಜೆ ಕೇಳಿದರೆ ಯಾವ ವೈದ್ಯರು ಅಂತ ಕೇಳುವುದಿಲ್ಲ. ಆ ದಿನದ ಕೇಸುಗಳಿಗೆ ನಾನೇ ಹಾಜರಾಗುತ್ತೇನೆ.