ಡಸ್ಟರ್‌ನ ಹಿಂಭಾಗವನ್ನು ಒಂದೂವರೆ ಇಂಚು ಎತ್ತಿದ್ದು: ನನ್ನ ಅನುಭವ

ಡಸ್ಟರ್ ಎಂದರೆ ಊರಿನ ನೆಂಟರು ರೆನೋ ಕಂಪನಿಯ ಗಾಡಿ ಎಂದುಕೊಳ್ಳುತ್ತಾರೆ. ನನ್ನದು 1970ರ ಪ್ಲಿಮತ್ ಡಸ್ಟರ್ 340. ವ್ಯಾಲಿಯಂಟ್ ಎಂಬ ಸಾಧು ಸಂಸಾರಿ ಕಾರಿನ ತಳಹದಿಗೆ ಇಳಿಜಾರು ಬೆನ್ನಿನ ಎರಡು ಬಾಗಿಲ ಮೈ ಕೂರಿಸಿ, 275 ಅಶ್ವಶಕ್ತಿಯ ವಿ8 ಎಂಜಿನ್ ಇಟ್ಟು, ಕ್ರೈಸ್ಲರ್ ಅಗ್ಗದ ಬೆಲೆಗೆ ಮಾರಿದ ಮಸಲ್ ಕಾರು. ನಾನಿರುವ ಮಿಷಿಗನ್‌ನಲ್ಲಿ ಇಂಥ ಕಾರಿಗೆ ಬಿಡಿಭಾಗಗಳಿಗೂ ಬರವಿಲ್ಲ, ಸಲಹೆಗಳಿಗೂ ಬರವಿಲ್ಲ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳು ಸಾಗುವಾಗ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರನ್ನು ಕೇಳಿ ನೋಡಿ: ಕಾರಿನ ಹಿಂಭಾಗ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಪ್ರತಿಯೊಬ್ಬರ ಬಳಿಯೂ ಖಚಿತ ಉತ್ತರವಿರುತ್ತದೆ.

ನನಗೆ ಬೇಕಿದ್ದದ್ದು ಎಪ್ಪತ್ತರ ದಶಕದ ಹುಡುಗರು ಎತ್ತುತ್ತಿದ್ದಂಥ ಎತ್ತರವಲ್ಲ. ಹಿಂದೆ ಇಬ್ಬರು ಕುಳಿತರೆ ಟೈರು ಮಡ್‌ಗಾರ್ಡ್ ಅಂಚಿಗೆ ಉಜ್ಜಬಾರದು, ನಿಂತಾಗ ಕಾರು ಹಿಂದಕ್ಕೆ ಕುಸಿದಂತೆ ಕಾಣಬಾರದು, ಅಷ್ಟೇ. ಹಿಂದಿನ ಮಾಲೀಕರು ಇದಕ್ಕಾಗಿ ಎರಡು ಅಡ್ಡದಾರಿಗಳನ್ನು ಒಟ್ಟಿಗೇ ಹಿಡಿದಿದ್ದರು: ಉದ್ದನೆಯ ಶ್ಯಾಕಲ್ ಮತ್ತು ಗಾಳಿ ತುಂಬುವ ಶಾಕ್ ಅಬ್ಸಾರ್ಬರ್.

ಶ್ಯಾಕಲ್ ಎಂದರೆ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಬಾಗಿದ ಸ್ಪ್ರಿಂಗ್) ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಜೋಡಿ ಪಟ್ಟಿ. ಅದನ್ನು ಎರಡು ಇಂಚು ಉದ್ದ ಮಾಡಿದರೆ ಕಾರು ಎರಡು ಇಂಚು ಏರುವುದಿಲ್ಲ. ಈ ಕಾರಿನಲ್ಲಿ ಅಚ್ಚು ಸ್ಪ್ರಿಂಗಿನ ನಡುವೆ ಇಲ್ಲ, ಮುಂದಿನ ತುದಿಗೆ ಹತ್ತಿರವಿದೆ. ಹಾಗಾಗಿ ಏರುವುದು ಒಂದು ಇಂಚಿಗಿಂತಲೂ ಕಡಿಮೆ. ಜೊತೆಗೆ ಡಿಫರೆನ್ಷಿಯಲ್‌ನ ಪಿನಿಯನ್ ಮೂಗು, ಅಂದರೆ ಎಂಜಿನ್ ಕಡೆಯಿಂದ ಬರುವ ತಿರುಗು ದಂಡ ಸೇರುವ ಮುಂತುದಿ, ಮೇಲಕ್ಕೆ ತಿರುಗುತ್ತದೆ, ತಿರುವುಗಳಲ್ಲಿ ಹಿಂಭಾಗ ಪಕ್ಕಕ್ಕೆ ತೊನೆಯುತ್ತದೆ. ಗಾಳಿಯ ಶಾಕ್ ಇನ್ನೊಂದು ಬಗೆಯ ತೊಂದರೆ. ಶಾಕ್ ಹಿಡಿದಿರುವ ಬ್ರಾಕೆಟ್ ಕುಲುಕಾಟವನ್ನು ತಡೆಯಲೆಂದು ಮಾಡಿದ್ದು. ಕಾರಿನ ಭಾರ ಹೊರಲು ಅಲ್ಲ. ಭಾರವನ್ನೆಲ್ಲ ಅದರ ಮೇಲೆ ಹೇರಿದರೆ ತಗಡು ಬಿರುಕು ಬಿಡುತ್ತದೆ. ಎರಡು ಬದಿಗೂ ಒಂದೇ ಕೊಳವೆ ಜೋಡಿಸಿದ್ದರಂತೂ ತಿರುವಿನಲ್ಲಿ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತದೆ, ಅದೂ ಓಡಬಾರದ ದಿಕ್ಕಿಗೆ. ಎತ್ತರ ಸ್ಪ್ರಿಂಗಿನಿಂದಲೇ ಬರಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ಬೆಂಗಳೂರಿನಿಂದ ಫೋನ್ ಮಾಡಿದ್ದ ಗೆಳೆಯನೊಬ್ಬ, ಲಾರಿಗೆ ಮಾಡುವಂತೆ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಒಂದು ಕಬ್ಬಿಣದ ಬ್ಲಾಕ್ ಇಟ್ಟುಬಿಡು ಎಂದ. ಲಾರಿಯಲ್ಲಿ ಸ್ಪ್ರಿಂಗ್ ಅಚ್ಚಿನ ಮೇಲೆ ಕೂರುತ್ತದೆ, ಬ್ಲಾಕ್ ಇಟ್ಟರೆ ಗಾಡಿ ಏರುತ್ತದೆ. ಇಲ್ಲಿ ಅಚ್ಚೇ ಸ್ಪ್ರಿಂಗಿನ ಮೇಲಿದೆ. ಬ್ಲಾಕ್ ಇಟ್ಟರೆ ಕಾರು ಇನ್ನಷ್ಟು ನೆಲ ಹಿಡಿಯುತ್ತದೆ.

ಹೊಸ ಸ್ಪ್ರಿಂಗ್ ತರಿಸುವ ಮೊದಲು ಅಳತೆ. ಸಮತಟ್ಟಾದ ನೆಲ, ತುಂಬಿದ ಪೆಟ್ರೋಲ್ ಟ್ಯಾಂಕ್, ಡಿಕ್ಕಿಯಲ್ಲಿ ಸ್ಟೆಪ್ನಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ. ಗಾಳಿಯ ಶಾಕ್‌ಗಳನ್ನು ಪೂರ್ತಿ ಖಾಲಿ ಮಾಡಿದೆ. ನೆಲದಿಂದ ಅಳೆದರೆ ಟೈರಿನ ಗಾತ್ರವೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಆದ್ದರಿಂದ ಚಕ್ರದ ಕೇಂದ್ರದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದೆ. ಬಲಗಡೆಯ ಹಿಂಭಾಗ ಎಡಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು.

ಬಲಗಡೆಯ ಸ್ಪ್ರಿಂಗ್ ಸೋತಿದೆ ಎಂದು ಯಾರಾದರೂ ಹೇಳಿಯಾರು. ಆದರೆ ಈ ಕಾರಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆಯ ಉಕ್ಕಿನ ಸರಳುಗಳಾದ ಟಾರ್ಷನ್ ಬಾರ್‌ಗಳಿವೆ. ಒಂದೊಂದಕ್ಕೂ ಎತ್ತರ ಹೊಂದಿಸುವ ಬೋಲ್ಟ್ ಇದೆ. ಮುಂದಿನ ಎಡಗಡೆಯನ್ನು ಯಾರೋ ಹೆಚ್ಚು ಬಿಗಿ ಮಾಡಿದ್ದರೆ ಕರ್ಣಕ್ಕೆ ಸರಿಯಾಗಿ ಹಿಂದಿನ ಬಲಗಡೆ ತಗ್ಗುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಡಿಫರೆನ್ಷಿಯಲ್‌ನ ಕೆಳಗೆ, ಆದಷ್ಟು ನಡುಮಧ್ಯದಲ್ಲಿ ಜಾಕ್ ಕೊಟ್ಟು ಹಿಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಆಗ ಅಚ್ಚು ಒಂದೇ ಬಿಂದುವಿನ ಮೇಲೆ ಓಲಾಡಲು ಸ್ವತಂತ್ರ. ಮೈ ಆಗಲೂ ಓರೆಯಾಗಿಯೇ ಇದ್ದರೆ ಓರೆ ಮುಂಭಾಗದ್ದು. ನನ್ನ ಕಾರು ಓರೆಯಾಗಿಯೇ ಇತ್ತು. ಮುಂದಿನ ಚಕ್ರಗಳ ಭಾರ ತೆಗೆದು ಬೋಲ್ಟ್ ತಿರುಗಿಸಿ, ಕೆಳಗಿಳಿಸಿ, ಮೈಯನ್ನು ನಾಲ್ಕಾರು ಸಲ ಕುಲುಕಿ ಮತ್ತೆ ಅಳೆದೆ. ಹಿಂಭಾಗದಲ್ಲಿ ಉಳಿದ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು. ಒಂದು ಕಡೆಗೆ ಬೇರೆ ಎತ್ತರದ ಸ್ಪ್ರಿಂಗ್ ತರಿಸುವ ಗೊಡವೆ ತಪ್ಪಿತು. ಹಳೆಯ ಸ್ಪ್ರಿಂಗ್‌ಗಳನ್ನೇ ಮತ್ತೆ ಬಾಗಿಸುವ ಅಂಗಡಿಗಳೂ ಇವೆ. ಐವತ್ತು ವರ್ಷ ದುಡಿದ ಉಕ್ಕಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಬಾಗು ಹೆಚ್ಚಿರುವ ಹೊಸ ಜೋಡಿಯನ್ನೇ ತರಿಸಿದೆ.

ಬಿಚ್ಚುವ ಕೆಲಸದಲ್ಲಿ ವಿಶೇಷವೇನಿಲ್ಲ, ತುಕ್ಕಿನ ಜೊತೆ ಗುದ್ದಾಟ. ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ; ಸ್ಪ್ರಿಂಗಿನ ಮುಂದಿನ ಕಣ್ಣಿನ (ತುದಿಯ ಬಳೆಯ) ಬೋಲ್ಟ್ ಅದರೊಳಗಿನ ರಬ್ಬರ್ ಬುಷ್‌ನ ಒಳಕೊಳವೆಗೆ ಅಂಟಿಕೊಂಡು ಒಂದಾಗಿಬಿಟ್ಟಿರುತ್ತದೆ. ಅದನ್ನು ಗರಗಸದಿಂದ ಕತ್ತರಿಸುವುದೇ ಮೇಲು. ಚಾಸಿಗೆ ಗಟ್ಟಿ ಸ್ಟ್ಯಾಂಡ್, ಅಚ್ಚಿಗೆ ಪ್ರತ್ಯೇಕ ಜಾಕ್. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಕೂಡದು. ಅಚ್ಚು ಜೋತುಬಿದ್ದಾಗ ಮೈಯಿಂದ ಅಚ್ಚಿಗೆ ಬರುವ ಬ್ರೇಕಿನ ರಬ್ಬರ್ ಕೊಳವೆ ಬಿಗಿದುಕೊಳ್ಳುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ಯು-ಬೋಲ್ಟ್‌ಗಳು (ಅಚ್ಚನ್ನು ಸ್ಪ್ರಿಂಗಿಗೆ ಬಿಗಿಯುವ ಬೋಲ್ಟ್) ಹೊಸವೇ ಆಗಿರಲಿ, ಹಳೆಯವು ಒಮ್ಮೆ ಹಿಗ್ಗಿದಂಥವು. ಗಾಳಿಯ ಶಾಕ್ ತೆಗೆದು ಹೊಸ ಎತ್ತರಕ್ಕೆ ಹೊಂದುವ ಉದ್ದದ ಸಾಧಾರಣ ಶಾಕ್ ಹಾಕಿದೆ.

ಇಲ್ಲೊಂದು ವಿಷಯಕ್ಕೆ ಒತ್ತು ಕೊಡಲೇಬೇಕು. ಸ್ಪ್ರಿಂಗಿನ ಎರಡೂ ತುದಿಯ ಬೋಲ್ಟ್‌ಗಳನ್ನು ಕಾರು ಗಾಳಿಯಲ್ಲಿರುವಾಗ ಕೊನೆಯ ಬಿಗಿ ಮಾಡಬಾರದು. ರಬ್ಬರ್ ಬುಷ್ ಜಾರುವುದಿಲ್ಲ, ಹುರಿಗೊಳ್ಳುತ್ತದೆ. ಜೋತುಬಿದ್ದ ಭಂಗಿಯಲ್ಲಿ ಬಿಗಿದರೆ ಅದು ಆ ಭಂಗಿಯನ್ನೇ ಹಿಡಿದುಕೊಂಡು ಕಾರನ್ನು ಮೇಲೆ ನೂಕುತ್ತಿರುತ್ತದೆ. ಅಳತೆ ಚೆನ್ನಾಗಿ ಬಂತೆಂದು ಖುಷಿಪಡುತ್ತೇವೆ, ಕೆಲವೇ ತಿಂಗಳಲ್ಲಿ ರಬ್ಬರ್ ಹರಿದು ಎತ್ತರ ಇಳಿಯುತ್ತದೆ. ಚಕ್ರಗಳ ಮೇಲೆ ಪೂರ್ತಿ ಭಾರ ಬಿಟ್ಟು, ಮೈ ಕುಲುಕಿ, ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು.

ಹಿಂಭಾಗ ಒಂದೂವರೆ ಇಂಚು ಏರಿತು. ಅರ್ಧ ಕೆಲಸ ಇನ್ನೂ ಬಾಕಿ, ಅದು ಮುಂಭಾಗದಲ್ಲಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 108 ಇಂಚು. ಹಿಂದೆ ಒಂದೂವರೆ ಇಂಚು ಏರಿಸಿದರೆ ಇಡೀ ಮೈ ಸುಮಾರು 0.8 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಅಷ್ಟೇ ಕ್ಯಾಸ್ಟರ್ (ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಕ್ಯಾಸ್ಟರ್‌ನಿಂದ. ಆ ಕಾಲದ ಬಯಾಸ್-ಪ್ಲೈ (ಒಳಗಿನ ನೂಲಿನ ಪದರಗಳು ಓರೆಯಾಗಿರುವ ಹಳೆಯ ಬಗೆಯ) ಟೈರುಗಳಿಗೆಂದು ಕಾರ್ಖಾನೆ ಕೊಟ್ಟಿದ್ದೇ ಪವರ್ ಸ್ಟೀರಿಂಗ್ ಇದ್ದರೂ ಒಂದು ಡಿಗ್ರಿಯೊಳಗೆ. ಅದರಲ್ಲಿ 0.8 ಹೋದರೆ ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಅಲೆಯುತ್ತದೆ. ಹೊಸ ಸ್ಪ್ರಿಂಗ್ ಹಾಕಿಸಿಕೊಂಡು ಸ್ಪ್ರಿಂಗನ್ನೇ ಬೈಯುವವರಲ್ಲಿ ಅನೇಕರ ಕತೆ ಇದೇ ಇರಬಹುದೆಂದು ನನ್ನ ಗುಮಾನಿ. ನಾನು ಮೇಲಿನ ಕಂಟ್ರೋಲ್ ಆರ್ಮ್‌ಗೆ ಕೇಂದ್ರ ತಪ್ಪಿಸಿದ ತೂತಿನ ಬುಷ್‌ಗಳನ್ನು ಹಾಕಿ, ರೇಡಿಯಲ್ ಟೈರಿಗೆ ತಕ್ಕಷ್ಟು ಕ್ಯಾಸ್ಟರ್ ಕೊಟ್ಟು ಅಲೈನ್‌ಮೆಂಟ್ ಮಾಡಿಸಿದೆ.

ಪಿನಿಯನ್ ಕೋನವನ್ನೂ ಅಳೆದೆ. ಉದ್ದನೆಯ ಶ್ಯಾಕಲ್ ಹೋಗಿದ್ದರಿಂದ ಮೇಲೆ ನೋಡುತ್ತಿದ್ದ ಮೂಗು ಕೆಳಗಿಳಿದಿತ್ತು. ವೇಗ ಹೆಚ್ಚಿಸಿದಾಗ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಮೂಗನ್ನು ಎತ್ತುವುದರಿಂದ, ನಿಂತಾಗ ಅದು ಒಂದೆರಡು ಡಿಗ್ರಿ ಕೆಳಗಿರುವುದು ಒಳ್ಳೆಯದೇ. ಹೆಚ್ಚು ಕಡಿಮೆಯಾಗಿದ್ದರೆ ಅಚ್ಚಿನ ಪೀಠದಡಿ ತೆಳು ಬೆಣೆ ಇಡಬೇಕಾಗುತ್ತಿತ್ತು.

ಮೊದಲ ಕೆಲವು ನೂರು ಮೈಲಿಗಳಲ್ಲಿ ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. ಕೂತ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದೆ. ಹೆಡ್‌ಲೈಟ್ ಸರಿಪಡಿಸುವುದನ್ನೂ ಅಲ್ಲಿಯವರೆಗೆ ತಡೆದೆ. ಮೈ 0.8 ಡಿಗ್ರಿ ಬಾಗಿದರೆ 25 ಅಡಿ ದೂರದ ಗೋಡೆಯ ಮೇಲೆ ಬೆಳಕು ನಾಲ್ಕು ಇಂಚು ಕೆಳಗೆ ಬೀಳುತ್ತದೆ. ಅದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಗೋಡೆಗೆ ಅಂಟಿಸಲು ಒಂದಿಷ್ಟು ಟೇಪು.