ರೇಡಿಯೇಟರಿಗೆ ನೀರು ಹಾಕಿದೆ, ನಾನು ಕುಡಿಯಲಿಲ್ಲ

ಲಾರಿ ಓಡಿಸಲು ಶುರುಮಾಡಿ ಹದಿನೇಳು ವರ್ಷವಾಯಿತು. ಬೇಸಿಗೆ ಎಂದರೇನೆಂದು ಅರ್ಥವಾದದ್ದು ಎಂಟನೆಯ ವರ್ಷ. ಮಧ್ಯಾಹ್ನ ಮೂರರ ಹೊತ್ತು, ನೇರ ರಸ್ತೆ, ತುಂಬಿದ ಲೋಡು. ತಿರುಗಬೇಕಿದ್ದ ಕವಲು ದಾಟಿ ಹನ್ನೆರಡು ಕಿಲೋಮೀಟರ್ ಮುಂದೆ ಹೋಗಿಬಿಟ್ಟಿದ್ದೆ. ತೂಕಡಿಸಿರಲಿಲ್ಲ. ಕವಲಿನ ಫಲಕವನ್ನು ಓದಿದ್ದೂ ನೆನಪಿದೆ. ಓದಿದ್ದು ತಲೆಗೆ ಹೋಗಿರಲಿಲ್ಲ, ಅಷ್ಟೇ. ಗಾಡಿ ನಿಲ್ಲಿಸಿ ಇಳಿದರೆ ಮೀನಖಂಡ ಸೆಟೆದುಕೊಂಡು ನಿಲ್ಲಲಾಗಲಿಲ್ಲ. ಬೆಳಗ್ಗೆ ಏಳಕ್ಕೆ ಹೊರಟವನು ಅಲ್ಲಿಯವರೆಗೆ ಅರ್ಧ ಲೀಟರ್ ನೀರನ್ನೂ ಕುಡಿದಿರಲಿಲ್ಲ. ರೇಡಿಯೇಟರಿನ ನೀರನ್ನು ಮಾತ್ರ ಹೊರಡುವ ಮುಂಚೆ ಎರಡು ಸಲ ನೋಡಿದ್ದೆ.

ನೀರು ಇರಲಿಲ್ಲವೆಂದಲ್ಲ. ಕುಡಿದರೆ ಮೂತ್ರಕ್ಕೆ ನಿಲ್ಲಿಸಬೇಕು, ಉದ್ದದ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಅಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ನಮ್ಮಲ್ಲಿ ಬಹಳ ಜನ ಬಾಯಾರಿಕೆ ತಡೆದುಕೊಳ್ಳುವುದು ಇದೇ ಲೆಕ್ಕದಲ್ಲಿ. ಕಿಟಕಿ ತೆರೆದಿದ್ದರೆ ಮೋಸ ಇನ್ನೂ ಹೆಚ್ಚು. ಬೀಸುವ ಗಾಳಿಗೆ ಬೆವರು ಬಂದ ಹಾಗೆಯೇ ಆರಿಹೋಗುತ್ತದೆ. ಮೈ ಒಣಗಿದೆ, ಬೆವರಿಲ್ಲ ಎಂದುಕೊಳ್ಳುತ್ತೇವೆ. ಸಂಜೆ ಬನಿಯನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿದಾಗಲೇ ಎಷ್ಟು ಹೋಗಿದೆ ಎಂದು ತಿಳಿಯುವುದು. ಸೆಕೆ ಮೊದಲು ಕದಿಯುವುದು ತೋಳಿನ ಬಲವನ್ನಲ್ಲ, ತಲೆಯ ಚುರುಕನ್ನು. ಆದ್ದರಿಂದ 'ಸುಸ್ತಾದಾಗ ನಿಲ್ಲಿಸುತ್ತೇನೆ' ಎಂಬ ಮಾತನ್ನು ನಾನು ನಂಬುವುದಿಲ್ಲ. ಸುಸ್ತಾಗಿದೆ ಎಂದು ಹೇಳಬೇಕಾದ ತಲೆಯೇ ಆಗ ಮಂಕಾಗಿರುತ್ತದೆ.

ಅಂದಿನಿಂದ ಗಡಿಯಾರ ನೋಡಿ ಕುಡಿಯುತ್ತೇನೆ. ಒಂದು ಲೀಟರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಬಿಸಿಲು ಬೀಳದ ಕಡೆ ಕೈಗೆಟಕುವಂತೆ ಇಡುತ್ತೇನೆ. ಬಟ್ಟೆ ಒಣಗಿದರೆ ಮತ್ತೆ ನೆನೆಸುತ್ತೇನೆ. ತಾರ್ಪಾಲು ಹೊದಿಸಿ ಹಗ್ಗ ಬಿಗಿಯುವಾಗ, ಲೋಡು ಇಳಿಸುವಾಗ 15–20 ನಿಮಿಷಕ್ಕೊಂದು ಲೋಟ. ಒಟ್ಟಿಗೆ ಎರಡು ಬಾಟಲಿ ಗಟಗಟನೆ ಸುರಿದುಕೊಳ್ಳುವುದೂ ತಪ್ಪು, ರಕ್ತದಲ್ಲಿನ ಉಪ್ಪು ತೆಳುವಾಗುತ್ತದೆ. ಬೆವರು ವಿಪರೀತ ಸುರಿದ ದಿನ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಾಕಾಯಿತೋ ಇಲ್ಲವೋ ಎಂಬುದನ್ನು ಮೂತ್ರದ ಬಣ್ಣವೇ ಹೇಳುತ್ತದೆ. ಕಡು ಹಳದಿಯಿದ್ದರೆ ಬಾಕಿ ಉಳಿದಿದೆ ಎಂದರ್ಥ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ನೆಗಡಿ–ಅಲರ್ಜಿಗೆ ಮಂಪರು ತರಿಸುವ ಮಾತ್ರೆ ನುಂಗುವವರು ಬೇಸಿಗೆಗೆ ಮುಂಚೆ ವೈದ್ಯರನ್ನು ಕೇಳಿಕೊಳ್ಳಲಿ. ನನ್ನ ಗೆಳೆಯರಲ್ಲಿ ಇದನ್ನು ಕೇಳಿದವರು ಬಲು ಕಡಿಮೆ.

ಕಿಟಕಿ ಕಡೆಯ ತೋಳಿಗೆ ಉದ್ದ ತೋಳಿನ ಹತ್ತಿ ಅಂಗಿ. ಗಾಜು ಏರಿಸಿದರೆ ಸಾಕೆಂದು ನಾನೂ ತಿಳಿದಿದ್ದೆ. ಮೈ ಸುಡುವ ಕಿರಣವನ್ನು ಗಾಜು ತಡೆಯುತ್ತದೆ ನಿಜ, ಚರ್ಮದ ಆಳಕ್ಕಿಳಿದು ಸುಕ್ಕುಗಟ್ಟಿಸುವ ಕಿರಣ ಪಕ್ಕದ ಗಾಜಿನ ಮೂಲಕ ಸಾಕಷ್ಟು ಒಳಗೆ ಬರುತ್ತದೆ. 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಚಿತ್ರ 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಕಿಟಕಿ ಕಡೆಯ ಅರ್ಧ ಮುಖ ಇನ್ನರ್ಧಕ್ಕಿಂತ ಎಷ್ಟೋ ವರ್ಷ ಮುದಿಯಾಗಿ ಕಾಣುತ್ತದೆ. ಅದನ್ನು ನೋಡಿದ ದಿನ ಕನ್ನಡಿಯಲ್ಲಿ ನನ್ನ ಮುಖವನ್ನೂ ಹೊರಳಿಸಿ ನೋಡಿಕೊಂಡೆ.

ಇನ್ನು ಟೈರು. ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗೇಜ್ ಇಟ್ಟು ಗಾಳಿ ನೋಡುತ್ತೇನೆ. ಸರಳಿನಿಂದ ತಟ್ಟಿ ಸದ್ದು ಕೇಳುವುದು ಪೂರ್ತಿ ಚಪ್ಪಟೆಯಾದ ಟೈರಿಗೆ ಸರಿ, ಸ್ವಲ್ಪ ಇಳಿದಿರುವುದು ಅದರಿಂದ ತಿಳಿಯದು. ಸಿಡಿಯುವುದು ಹೆಚ್ಚಾಗಿ ಹೀಗೆ ಇಳಿದಿರುವ ಟೈರೇ: ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಸುತ್ತು ಸುತ್ತಿಗೂ ಬಾಗಿ ಒಳಗೊಳಗೇ ಕಾಯುತ್ತದೆ. ಜೋಡಿ ಟೈರಿನಲ್ಲಿ ಒಳಗಿನದರ ವಾಲ್ವಿಗೆ ಕೈ ಹೋಗುವುದು ಕಷ್ಟ, ಅದಕ್ಕೇ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ದಾರಿಯಲ್ಲಿ ನಿಂತಾಗ ಪ್ರತಿ ಟೈರಿನ ಹತ್ತಿರ ಅಂಗೈ ಹಿಂಭಾಗ ಹಿಡಿಯುತ್ತೇನೆ, ಮುಟ್ಟುವುದಿಲ್ಲ. ಒಂದು ಮಾತ್ರ ಬೇರೆಯಾಗಿ ಕಾದಿದ್ದರೆ ಅಲ್ಲಿ ಗಾಳಿಯದೋ ಬ್ರೇಕಿನದೋ ತೊಂದರೆಯಿದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ.

ಎಂಜಿನ್ ಕಾದರೆ ಏಸಿ ಆರಿಸಿ ಹೀಟರ್ ಪೂರ್ತಿ ಹಾಕುತ್ತೇನೆ. ಕ್ಯಾಬಿನ್ ಬೇಯುತ್ತದೆ, ಆದರೂ ಬದಿಗೆ ನಿಲ್ಲಿಸುವವರೆಗೆ ಎಂಜಿನ್ನಿನ ಬಿಸಿ ಸ್ವಲ್ಪ ಇಳಿಯುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತಿರುಗಿಸಬಾರದು.

ಮೂರು ಬೇಸಿಗೆಯ ಹಿಂದೆ ಜೊತೆಯ ಚಾಲಕನೊಬ್ಬ ಲೋಡು ಇಳಿಸುವ ಅಂಗಳದಲ್ಲಿ ತೊದಲತೊಡಗಿದ. ಕೂರು ಎಂದರೆ ಕೂರಲಿಲ್ಲ, ನನಗೇನೂ ಆಗಿಲ್ಲ ಎಂದು ಜಗಳಕ್ಕೇ ಬಂದ, ಕ್ಯಾಬಿನ್ ಹತ್ತಲು ಹೋಗಿ ಮೆಟ್ಟಿಲು ತಪ್ಪಿದ. ತಲೆಸುತ್ತು, ವಾಕರಿಕೆ ಇದ್ದು ಮಾತು ನೆಟ್ಟಗಿದ್ದರೆ ನೆರಳು, ನೀರು, ವಿಶ್ರಾಂತಿ ಕೊಟ್ಟು ನೋಡಬಹುದು. ಮಾತು ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಎಂದೇ ಹಿಡಿಯಬೇಕು, ಬೆವರುತ್ತಿದ್ದರೂ ಅಷ್ಟೇ. ನಾನು ಅವನ ಕೀಲಿ ಕಿತ್ತುಕೊಂಡೆ. ಇನ್ನೊಬ್ಬ ಆಂಬುಲೆನ್ಸಿಗೆ ಫೋನ್ ಮಾಡಿದ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಮೈತುಂಬ ತಣ್ಣೀರು ಸುರಿದು ರಟ್ಟಿನಿಂದ ಬೀಸುತ್ತಲೇ ಇದ್ದೆವು. ಕುತ್ತಿಗೆ, ಕಂಕುಳಿಗೆ ಒದ್ದೆ ಟವೆಲ್ ಇಟ್ಟೆವು. ಬಾಯಿಗೆ ನೀರು ಹಾಕಲಿಲ್ಲ, ಅರೆಪ್ರಜ್ಞೆಯಲ್ಲಿ ಅದು ಶ್ವಾಸನಾಳಕ್ಕೆ ಇಳಿಯಬಹುದು.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದ. ಜಗಳವಾಡಿದ್ದು ಒಂದಿಷ್ಟೂ ನೆನಪಿರಲಿಲ್ಲ. ನನ್ನ ಗಾಡಿಯ ಕೀಲಿ ನಿನ್ನ ಹತ್ತಿರ ಹೇಗೆ ಬಂತು ಎಂದು ನನ್ನನ್ನೇ ಕೇಳಿದ.