ತೂಕ ಇಳಿದದ್ದು ನಾಲ್ಕೇ ಕೆಜಿ, ಸೊಂಟ ಮಾತ್ರ ಮೂರೂವರೆ ಇಂಚು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಜಿಮ್‌ನಲ್ಲಿ ಭಾರ ಎತ್ತಲು ಶುರು ಮಾಡಿದಾಗ 68 ಕೆಜಿ ಇದ್ದೆ, ಈಗ 64ರ ಆಸುಪಾಸು. ಹೊಕ್ಕಳ ಮಟ್ಟದಲ್ಲಿ ಸೊಂಟ 38 ಇಂಚು ಇದ್ದದ್ದು ಮೂವತ್ತನಾಲ್ಕೂವರೆಗೆ ಬಂದಿದೆ. ಹೆಚ್ಚು ಕಡಿಮೆ ಒಂದೂವರೆ ವರ್ಷ ಹಿಡಿಯಿತು. "ಅಷ್ಟು ದಿನಕ್ಕೆ ನಾಲ್ಕೇ ಕೆಜಿನಾ?" ಅಂತ ಮೂಗು ಮುರಿದವರೇ ಜಾಸ್ತಿ. ಅವರಿಗೆ ಉತ್ತರ ಕೊಡಬೇಕು ಅಂತಲೇ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 44, ಎತ್ತರ ಐದಡಿ ಎರಡಿಂಚು. ಜಿಮ್‌ಗೆ ಹೋಗಿ ಅಭ್ಯಾಸ ಇರುವವರಿಗೆ ಇದನ್ನು ಬರೆಯುತ್ತಿರುವುದರಿಂದ ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) ಹೇಗೆ ಮಾಡಬೇಕು, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಹೇಗಿರಬೇಕು ಅಂತೆಲ್ಲ ಹೇಳಲ್ಲ.

ಇದಕ್ಕೆ ಮುಂಚೆ ಏನೆಲ್ಲ ಮಾಡಿ ದುಡ್ಡು ಹೋಯಿತು ಅನ್ನುವುದನ್ನು ಹೇಳಲೇಬೇಕು. ನಮ್ಮ ಬೀದಿಯಲ್ಲೇ ಒಂದು ಕಡೆ ಬೆಳಿಗ್ಗೆ ಶೇಕ್ ಕೊಡುತ್ತಿದ್ದರು, ಊಟದ ಬದಲು ಅದನ್ನೇ ಕುಡಿಯಬೇಕು. ತಿಂಗಳಿಗೆ ಐದಾರು ಸಾವಿರ. ಮೊದಲ ವಾರದಲ್ಲೇ ಮೂರು ಕೆಜಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಗೋಡೆ ಮೇಲೆ ನನ್ನ ಹೆಸರು ಬರೆದರು. ಈಗ ಆ ಲೆಕ್ಕ ಕೂಡಿಸಿ ನೋಡಿ. ಒಂದು ಕೆಜಿ ಕೊಬ್ಬು ಹೋಗಬೇಕಾದರೆ ಸುಮಾರು 7,700 ಕ್ಯಾಲೊರಿ ಕಳೆಯಬೇಕು. ಮೂರು ಕೆಜಿಗೆ 23,000. ನನ್ನ ಮೈ ಇಡೀ ವಾರ ಖರ್ಚು ಮಾಡುವುದೇ ಹದಿಮೂರು ಸಾವಿರ ಚಿಲ್ಲರೆ. ಅಂದರೆ ಒಂದು ತುತ್ತೂ ತಿನ್ನದೆ ಕೂತಿದ್ದರೂ ವಾರಕ್ಕೆ ಮೂರು ಕೆಜಿ ಕೊಬ್ಬು ಇಳಿಯುವುದಿಲ್ಲ. ಹೋದದ್ದರಲ್ಲಿ ನೀರೇ ಹೆಚ್ಚು. ಜೊತೆಗೆ ಸ್ವಲ್ಪ ಸ್ನಾಯುವೂ ಹೋಗಿರುತ್ತದೆ. ಶೇಕ್ ನಿಲ್ಲಿಸಿದ ಮೇಲೆ ತೂಕವೆಲ್ಲ ವಾಪಸ್ ಬಂತು, ಹೋದ ಶಕ್ತಿ ಬರಲಿಲ್ಲ. ಗ್ಯಾಸ್ ಸಿಲಿಂಡರ್ ಎಳೆಯೋಕೂ ಕಷ್ಟವಾಗುತ್ತಿತ್ತು.

ಆಮೇಲೆ ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟು, ಏಳುನೂರು ರೂಪಾಯಿ. ಇದನ್ನು ಸರಿಯಾಗಿ ಅಳೆದು ನೋಡಿದ್ದೇನೆ. ಬೆಲ್ಟ್ ಕಟ್ಟಿಕೊಂಡು ಕುಕ್ಕರಹಳ್ಳಿ ಕೆರೆ ಸುತ್ತಿ ಬಂದೆ. ಹೋಗುವ ಮುಂಚೆ, ಬಂದ ಮೇಲೆ, ಎರಡು ಸಲ ತೂಕ ನೋಡಿದೆ. ಮುಕ್ಕಾಲು ಕೆಜಿ ಕಮ್ಮಿ. ಒಂದು ಚೊಂಬು ನೀರು, ಒಂದು ಲೋಟ ಮಜ್ಜಿಗೆ ಕುಡಿದೆ. ತೂಕ ಇದ್ದಲ್ಲಿಗೇ ಬಂತು. ಬೆವರು ಮೈ ತಣ್ಣಗಾಗಲಿ ಅಂತ ಬರುವ ನೀರು, ಕೊಬ್ಬು ಕರಗಿ ಹೊರಗೆ ಬಂದದ್ದಲ್ಲ. ಕೊಬ್ಬು ಸುಟ್ಟಾಗ ಅದರ ಹೆಚ್ಚಿನ ಪಾಲು ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ನಮ್ಮ ಜಿಮ್‌ನಲ್ಲಿ ಇವತ್ತಿಗೂ ಫ್ಯಾನ್ ಆಫ್ ಮಾಡಿಸಿ ಟ್ರೆಡ್‌ಮಿಲ್ ಮೇಲೆ ಓಡುವವರಿದ್ದಾರೆ, ದಯವಿಟ್ಟು ಫ್ಯಾನ್ ಹಾಕಿಕೊಳ್ಳಿ.

ಭಾರ ಎತ್ತಲು ಶುರು ಮಾಡಿದಾಗ ಮನೆಯಲ್ಲೂ ಜಿಮ್‌ನಲ್ಲೂ ಒಬ್ಬರೂ ನಂಬಲಿಲ್ಲ. ಟ್ರೈನರ್ ಹುಡುಗ "ಮೇಡಂ, ನಿಮ್ಗೆ ಕಾರ್ಡಿಯೋ ಸಾಕು, ಮೊದ್ಲು ತೂಕ ಇಳಿಸಿ, ವೇಟ್ಸ್ ಆಮೇಲೆ ನೋಡೋಣ" ಅಂದ. ಅತ್ತೆ "ಏನಮ್ಮಾ, ಗಂಡಸ್ರ ಥರ ತೋಳು ಬಂದ್ಬಿಟ್ರೆ ಸೀರೆ ಉಟ್ಕೊಂಡ್ರೆ ಹೇಗೆ ಕಾಣುತ್ತೆ" ಅಂದರು. ಅತ್ತೆಯ ಭಯ ಬಹಳ ಹೆಂಗಸರಿಗೆ ಇದೆ. ಗಂಡಸರ ರಕ್ತದಲ್ಲಿ ಸ್ನಾಯು ಬೆಳೆಸುವ ಹಾರ್ಮೋನು ಟೆಸ್ಟೊಸ್ಟಿರಾನ್ ನಮಗಿಂತ ಹತ್ತು ಹದಿನೈದು ಪಟ್ಟು ಜಾಸ್ತಿ ಇರುತ್ತದೆ. ಅಷ್ಟಿದ್ದೂ ನಮ್ಮ ಜಿಮ್ ಹುಡುಗರು ತೋಳು ಒಂದಿಂಚು ದಪ್ಪ ಮಾಡಲು ವರ್ಷಗಟ್ಟಲೆ ಒದ್ದಾಡುತ್ತಾರೆ, ನಮಗೆ ಮೂರು ತಿಂಗಳಲ್ಲಿ ಬಂದುಬಿಡುತ್ತದಾ? ಈಗ ನನ್ನ ತೋಳಿನ ಸುತ್ತಳತೆ ಮೊದಲಿಗಿಂತ ಸ್ವಲ್ಪ ಕಮ್ಮಿಯೇ ಇದೆ. ಹಳೇ ರವಿಕೆಗಳನ್ನು ಹಿಡಿಸಿಕೊಂಡಿದ್ದೇನೆ.

ಕಷ್ಟವಾದದ್ದು ಮೊದಲ ಮೂರು ತಿಂಗಳು. ತೂಕ ಇಳಿಯುವುದಿರಲಿ, ಒಂದು ಕೆಜಿ ಏರಿತು! ನಾದಿನಿ ಬಂದಾಗಲೆಲ್ಲ "ಅತ್ತಿಗೆ, ಇಷ್ಟು ಕಷ್ಟಪಡ್ತೀರ, ತೂಕನೇ ಇಳೀತಿಲ್ವಲ್ಲಾ" ಅನ್ನುತ್ತಿದ್ದಳು. ನಾನು ಟೇಪ್ ತಂದು ತೋರಿಸುತ್ತಿದ್ದೆ, ಒಂದಿಂಚಿಗೂ ಜಾಸ್ತಿ ಸೊಂಟ ಇಳಿದಿತ್ತು. ಹೊಸದಾಗಿ ಭಾರ ಎತ್ತುವಾಗ ಸ್ನಾಯುವಿನಲ್ಲಿ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಶೇಖರಣೆ ಹೆಚ್ಚುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ನೋವಿರುವ ಸ್ನಾಯುವಿನಲ್ಲೂ ನೀರು ತುಂಬಿಕೊಳ್ಳುತ್ತದೆ. ಇದನ್ನು ಯಾರೂ ಮುಂಚೆಯೇ ಹೇಳುವುದಿಲ್ಲ, ಅಲ್ಲೇ ಅರ್ಧ ಜನ ಬಿಟ್ಟು ಹೋಗುತ್ತಾರೆ. ಅಣ್ಣನ ಮಗಳ ಮದುವೆ ಊಟದ ಮಾರನೇ ದಿನ ನಾನು ಒಂದೂವರೆ ಕೆಜಿ ಹೆಚ್ಚು ತೂಗಿದೆ. ಅದೆಲ್ಲ ಕೊಬ್ಬೇ ಆಗಬೇಕಿದ್ದರೆ ದಿನದ ಊಟದ ಮೇಲೆ ಇನ್ನೂ ಹನ್ನೊಂದೂವರೆ ಸಾವಿರ ಕ್ಯಾಲೊರಿ ತಿನ್ನಬೇಕಿತ್ತು. ಹೋಳಿಗೆ ನಾಲ್ಕು ತಿಂದಿದ್ದೆ, ಅಷ್ಟಕ್ಕೆಲ್ಲ ಅಷ್ಟು ಬರುವುದಿಲ್ಲ. ಉಪ್ಪು, ಹಪ್ಪಳ, ಅನ್ನ, ಅದರ ನೀರು. ನಾಲ್ಕು ದಿನಕ್ಕೆ ತಾನಾಗಿಯೇ ಇಳಿಯಿತು.

ಇನ್ನೊಂದು ಮಾತು ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದದ್ದು. ನಮ್ಮ ತಾತ ಗರಡಿಯಲ್ಲಿ ಸಾಮು ಮಾಡಿದವರು, ದಸರಾ ಕುಸ್ತಿಯಲ್ಲಿ ಇಳಿದವರು. ನಲವತ್ತರ ಮೇಲೆ ಗರಡಿ ಬಿಟ್ಟರು. ಐವತ್ತಕ್ಕೆ ದೊಡ್ಡ ಹೊಟ್ಟೆ. "ಸಾಮು ಬಿಟ್ರೆ ಮಾಂಸ ಎಲ್ಲ ಕೊಬ್ಬಾಗುತ್ತೆ, ಅದಕ್ಕೇ ಶುರುನೇ ಮಾಡ್ಬಾರ್ದು" ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ಸ್ನಾಯು ಕೊಬ್ಬಾಗುವುದಿಲ್ಲ, ಕೊಬ್ಬು ಸ್ನಾಯುವಾಗುವುದೂ ಇಲ್ಲ. ಎರಡರ ಜೀವಕೋಶವೇ ಬೇರೆ. ಕೆಲಸ ಕೊಡದಿದ್ದರೆ ಸ್ನಾಯು ಸಣ್ಣಗಾಗುತ್ತದೆ, ಹೆಚ್ಚು ತಿಂದರೆ ಕೊಬ್ಬು ತುಂಬುತ್ತದೆ, ಎರಡೂ ಒಟ್ಟಿಗೆ ಆದಾಗ ಒಂದು ಇನ್ನೊಂದಾದ ಹಾಗೆ ಕಾಣುತ್ತದೆ ಅಷ್ಟೇ. ತಾತ ಸಾಮು ನಿಲ್ಲಿಸಿದರು, ತುಪ್ಪ, ಬಾದಾಮಿ ಹಾಲು ನಿಲ್ಲಿಸಲಿಲ್ಲ. ನನಗೂ ಮಧ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನ ಅಂತ ಒಂದೆರಡು ತಿಂಗಳು ಜಿಮ್ ತಪ್ಪಿತು. ಊಟ ಮಾತ್ರ ಸ್ವಲ್ಪ ಇಳಿಸಿದೆ. ಸೊಂಟ ಕಾಲಿಂಚೂ ಏರಲಿಲ್ಲ. ಡೆಡ್‌ಲಿಫ್ಟ್ ಹತ್ತು ಕೆಜಿ ಬಿದ್ದಿತ್ತು, ಮೂರು ವಾರದಲ್ಲಿ ವಾಪಸ್ ಬಂತು. ಒಮ್ಮೆ ಬೆಳೆಸಿದ ಸ್ನಾಯು ಎರಡನೇ ಸಲ ಬೇಗ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಪ್ರಯೋಗ. ಮೊಬೈಲ್‌ನಲ್ಲಿ ಒಂದು ಫೋಟೊ ಓಡಾಡುತ್ತದಲ್ಲ, ಒಂದು ಕೆಜಿ ಸ್ನಾಯು ಮುಷ್ಟಿಯಷ್ಟು, ಒಂದು ಕೆಜಿ ಕೊಬ್ಬು ದಿಂಬಿನಷ್ಟು ಅಂತ. ನನಗೆ ಅನುಮಾನ ಬಂತು. ಭಾನುವಾರ ಮಟನ್ ಅಂಗಡಿಯಲ್ಲಿ ಚೂರೂ ಕೊಬ್ಬಿಲ್ಲದ ತೊಡೆ ಮಾಂಸ ಅರ್ಧ ಕೆಜಿ, ಬರೀ ಚರ್ಬಿ ಅರ್ಧ ಕೆಜಿ ಕಟ್ಟಿಸಿಕೊಂಡೆ. ಅಂಗಡಿಯವರು "ಏನಕ್ಕಾ ಮಾಡ್ತೀರ ಇದನ್ನ?" ಅಂತ ಕೇಳಿದರು. ಮನೆಯಲ್ಲಿ ಸ್ಟೀಲ್ ಪಾತ್ರೆಗೆ ಅಂಚಿನವರೆಗೆ ನೀರು ತುಂಬಿ, ಕೆಳಗೆ ಪರಾತ ಇಟ್ಟು, ಮಾಂಸ ಬಿಟ್ಟೆ. ಸೀದಾ ತಳಕ್ಕೆ ಹೋಯಿತು. ಚೆಲ್ಲಿದ ನೀರನ್ನು ಮಗಳ ಲ್ಯಾಬ್ ಜಾರಿನಲ್ಲಿ ಅಳೆದರೆ 470 ಮಿಲಿ ಇರಬಹುದು. ಆಮೇಲೆ ಚರ್ಬಿ ಬಿಟ್ಟೆ. ತೇಲಿತು! ಬಿಳೀ ತುಂಡುಗಳು ಮೇಲೆ ಬಂದು ತಿರುಗುತ್ತಿದ್ದವು, ಜಾಲರಿ ಸೌಟಿನಿಂದ ಒತ್ತಿ ಮುಳುಗಿಸಬೇಕಾಯಿತು. ಈ ಸಲ 550 ಮಿಲಿ ಚೆಲ್ಲಿತು. ಪುಸ್ತಕದ ಲೆಕ್ಕವೂ ಇದೇ, ಸ್ನಾಯುವಿನ ಸಾಂದ್ರತೆ ಮಿಲಿಗೆ 1.06 ಗ್ರಾಂ, ಕೊಬ್ಬಿನದು 0.9ರ ಹತ್ತಿರ. ಅಂದರೆ ಅದೇ ತೂಕಕ್ಕೆ ಕೊಬ್ಬು ಹಿಡಿಯುವ ಜಾಗ ಆರನೇ ಒಂದು ಪಾಲಿನಷ್ಟು ಜಾಸ್ತಿ, ಎರಡು ಮೂರು ಪಟ್ಟಲ್ಲ. ತೂಕ ಅಷ್ಟಾಗಿ ಇಳಿಯದೆ ಸೊಂಟ ಇಳಿಯುವುದು ಸ್ನಾಯು ಭಾರವಾಗಿರುವುದರಿಂದಲ್ಲ. ಹೊಟ್ಟೆಯ ಕೊಬ್ಬು ನಿಜವಾಗಿ ಹೋಗಬೇಕು, ಅದೇ ಹೊತ್ತಿಗೆ ಸ್ನಾಯು ಬೇರೆ ಕಡೆ ಬೆಳೆಯಬೇಕು, ತೊಡೆ, ಬೆನ್ನು, ಭುಜದಲ್ಲಿ. ಮಾಂಸ ಮಧ್ಯಾಹ್ನ ಸಾರಾಯಿತು.

ಹೊಟ್ಟೆ ಕರಗಲು ಹೊಟ್ಟೆ ವ್ಯಾಯಾಮ ಅನ್ನುವವರಿಗೆ ಜಾಸ್ತಿ ಹೇಳಲ್ಲ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ಕೈ ಅಳೆದು ನೋಡಿದ್ದರು. ಆಡುವ ಕೈ ದಪ್ಪ ಇತ್ತು, ಚರ್ಮದ ಕೆಳಗಿನ ಕೊಬ್ಬು ಮಾತ್ರ ಎರಡರಲ್ಲೂ ಒಂದೇ. ಜೀವನಪೂರ್ತಿ ಒಂದೇ ಕೈಯಲ್ಲಿ ಆಡಿದವರಿಗೇ ಹಾಗೆ. ನಾನು ದಿನಕ್ಕೆ ನೂರು ಕ್ರಂಚಸ್ ಒಂದು ಮಳೆಗಾಲವಿಡೀ ಮಾಡಿದ್ದೆ, ಹೊಟ್ಟೆ ಗಟ್ಟಿಯಾಯಿತು, ಟೇಪ್ ಅಲ್ಲಾಡಲಿಲ್ಲ.

ಊಟದ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಅಲ್ಲೇ ಆದದ್ದು. ದಿನಕ್ಕೆ ಮುನ್ನೂರು ಕ್ಯಾಲೊರಿ ಮಾತ್ರ ಕಮ್ಮಿ ಮಾಡಿದೆ, ಪ್ರೊಟೀನ್ ತೊಂಬತ್ತೈದು, ನೂರು ಗ್ರಾಂಗೆ ತಂದೆ. ಮೊದಲು ಎಷ್ಟು ತಿನ್ನುತ್ತಿದ್ದೆ ಅಂತ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕಿದರೆ ನಲವತ್ತೈದು ಗ್ರಾಂ ಕೂಡ ಇರಲಿಲ್ಲ. ಸೊಪ್ಪಿನ ಸಾರು, ಮುದ್ದೆ, ಅನ್ನ, ಪಲ್ಯ, ಎಲ್ಲ ಒಳ್ಳೇದೇ, ಪ್ರೊಟೀನ್ ಎಲ್ಲಿದೆ? ರಾಗಿ ತಿಂದವನು ನಿರೋಗಿ ಅಂತಾರೆ, ನಾನೂ ರಾಗಿ ಬಿಟ್ಟಿಲ್ಲ. ಆದರೆ ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ಸುಳ್ಳು. ನೂರು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 320 ಕ್ಯಾಲೊರಿ, ಪ್ರೊಟೀನ್ ಏಳು ಗ್ರಾಂ. ಅಕ್ಕಿಗೂ ಇದಕ್ಕೂ ಆ ಲೆಕ್ಕದಲ್ಲಿ ಅಂಥಾ ವ್ಯತ್ಯಾಸ ಇಲ್ಲ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಶಿಯಂನಲ್ಲಿ, ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂಗೂ ಜಾಸ್ತಿ.

ದುಡ್ಡಿನ ಲೆಕ್ಕ ಹೀಗೆ ಹಾಕಿ, ರೇಟು ನಾನು ಕೊಂಡಾಗಿನದು. ಮೊಟ್ಟೆ ಏಳು ರೂಪಾಯಿ, ಆರು ಗ್ರಾಂ ಪ್ರೊಟೀನ್, ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಜಿಮ್‌ನಲ್ಲಿ ಮಾರುವ ವೇ (ಹಾಲಿನ ಪ್ರೊಟೀನ್) ಪೌಡರ್ ಕೆಜಿಗೆ ಮೂರು ಸಾವಿರ, ಗ್ರಾಂಗೆ ನಾಲ್ಕು ರೂಪಾಯಿ ಬೀಳುತ್ತದೆ. ಸೋಯಾ ಚಂಕ್ಸ್ ಕೆಜಿಗೆ ನೂರೈವತ್ತು, ಅರ್ಧಕ್ಕರ್ಧ ಪ್ರೊಟೀನ್, ಗ್ರಾಂಗೆ ಮೂವತ್ತು ಪೈಸೆ! ಕಡಲೆಕಾಯಿ ಬೀಜ ಪ್ರೊಟೀನ್ ಅಂತ ಹಿಡಿ ಹಿಡಿ ತಿನ್ನಬೇಡಿ, ನೂರು ಗ್ರಾಂಗೆ 25 ಗ್ರಾಂ ಪ್ರೊಟೀನ್ ಇದ್ದರೂ ಎಣ್ಣೆ ಜಾಸ್ತಿ ಇರುವುದರಿಂದ ಒಟ್ಟು ಕ್ಯಾಲೊರಿ ಐನೂರಕ್ಕೂ ಮೇಲೆ ಹೋಗುತ್ತದೆ. ನಮ್ಮನೇಲಿ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಡಬ್ಬಿಗೆ ಹುರುಳಿಕಾಳು ಅಥವಾ ಹೆಸರುಕಾಳು ಉಸಲಿ, ಸಂಜೆ ಗಟ್ಟಿ ಮೊಸರು, ರಾತ್ರಿ ಅರ್ಧ ಮುದ್ದೆ ಜೊತೆ ಸೋಯಾ ಇಲ್ಲ ಕೋಳಿ. ಸೋಯಾ ವಾಸನೆ ಹೋಗಿಸಿ ಮಕ್ಕಳೂ ಕೇಳಿ ಹಾಕಿಸಿಕೊಳ್ಳುವ ಹಾಗೆ ಮಾಡುವ ಒಂದು ಕ್ರಮ ಇದೆ, ಅದನ್ನು ಇಲ್ಲಿ ಬರೆಯಲ್ಲ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೊಟೀನ್ ಏರಿಸಬೇಡಿ, ಅದು ಬೇರೆ ವಿಷಯ.

ಜಿಮ್‌ನಲ್ಲಿ ಮೇಲೆ ನಿಂತರೆ ಕೊಬ್ಬಿನ ಶೇಕಡಾ ತೋರಿಸುವ ಮೆಷಿನ್ ಇದೆ, ಒಂದು ಸಲಕ್ಕೆ ಐನೂರು. ಒಂದೇ ದಿನ ಎರಡು ಸಲ ಕೊಟ್ಟು ನಿಂತೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟ ಆಗಿ ನೀರು ಕುಡಿದು ಇನ್ನೊಮ್ಮೆ. ಶೇಕಡಾ ಮೂರರ ಹತ್ತಿರ ವ್ಯತ್ಯಾಸ. ಅದು ಸಣ್ಣ ಕರೆಂಟ್ ಹರಿಸಿ ನೀರಿನ ಅಂದಾಜಿನ ಮೇಲೆ ಲೆಕ್ಕ ಹಾಕುತ್ತದೆ. ಆದ್ದರಿಂದ ಬೆಂಗಳೂರಿಗೆ ಹೋಗಿ ಎಕ್ಸ್‌ರೇಯಿಂದ ಕೊಬ್ಬು, ಸ್ನಾಯು, ಮೂಳೆ ಬೇರೆ ಬೇರೆಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ, ಶುರುವಿನಲ್ಲಿ ಒಂದು, ಈಚೆಗೆ ಒಂದು, ಒಂದೊಂದಕ್ಕೆ ಮೂರು ಸಾವಿರದ ಹತ್ತಿರ, ಬಸ್ ಚಾರ್ಜ್ ಬೇರೆ. ಕೊಬ್ಬು ಏಳು ಕೆಜಿ ಇಳಿದಿತ್ತು, ಉಳಿದ ಮೈ ಮೂರು ಕೆಜಿ ಏರಿತ್ತು. ಆ ಮೂರರಲ್ಲಿ ನೀರಿನ ಪಾಲೂ ಇದೆ, ಇರಲಿ. ಆ ಕಾಗದ ನೋಡಿದ ಮೇಲೆ ನಾದಿನಿ ನಮ್ಮ ಜಿಮ್‌ಗೇ ಸೇರಿದಳು.

ಇಷ್ಟಾದರೂ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಬಿಎಂಐ ಚಾರ್ಟಿನಲ್ಲಿ ನಾನು 25ರ ಮೇಲೇ ಇದ್ದೇನೆ, ನಮ್ಮವರಿಗೆ ಇಟ್ಟಿರುವ ಅಳತೆಯಲ್ಲಿ ಅದು ಬೊಜ್ಜು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಮೈ ಅಳೆಸಿಕೊಂಡು 2004ರಲ್ಲಿ ಫೋಟೊ ಸಮೇತ ಪ್ರಕಟಿಸಿದ್ದರು. ಇಬ್ಬರ ಬಿಎಂಐ 22.3. ಯಾಜ್ಞಿಕರ ಕೊಬ್ಬು ಶೇಕಡಾ 21.2, ಯುಡ್ಕಿನ್‌ರದು 9.1. ನೋಡೋಕೆ ತೆಳ್ಳಗಿರುವ ನಮ್ಮ ಜನಕ್ಕೆ ಶುಗರ್ ಯಾಕೆ ಬರುತ್ತದೆ ಅನ್ನುವುದಕ್ಕೆ ಇದರಲ್ಲಿ ಉತ್ತರದ ಒಂದು ಭಾಗ ಇದೆ. ನಮ್ಮ ಸ್ಟಾಫ್ ರೂಮಿನಲ್ಲೇ 55 ಕೆಜಿ ಇದ್ದು ಹೊಟ್ಟೆ ಮುಂದೆ ಬಂದವರಿದ್ದಾರೆ, "ನಂಗೇನು, ತೂಕ ಸರಿಯಾಗಿದೆ" ಅಂತಾರೆ. ಅವರ ಬಗ್ಗೆ ನನಗೆ ನಿಜಕ್ಕೂ ಚಿಂತೆ.

ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ, ಅಷ್ಟೇ ನನ್ನ ಅಭ್ಯಾಸ. ಖಾಲಿ ರಾಡಿನಲ್ಲಿ ಶುರು ಮಾಡಿದವಳು ಈಗ 80 ಕೆಜಿ ಡೆಡ್‌ಲಿಫ್ಟ್, 60 ಕೆಜಿ ಸ್ಕ್ವಾಟ್ ಮಾಡುತ್ತೇನೆ. ನಮ್ಮ ಜಿಮ್‌ನಲ್ಲಿ ಸದ್ಯಕ್ಕೆ ಅಷ್ಟು ಎತ್ತುವ ಹೆಂಗಸರು ಬೇರೆ ಯಾರೂ ಇಲ್ಲ, ಇಪ್ಪತ್ತೈದರ ಹುಡುಗಿಯರೂ ಸೇರಿ. ಅಲ್ಲಿದ್ದ ಅತಿ ಸಣ್ಣ ಪ್ಲೇಟ್ ಎರಡೂವರೆ ಕೆಜಿ, ಎರಡೂ ಕಡೆ ಹಾಕಿದರೆ ಒಂದೇ ಸಲ ಐದು ಏರುತ್ತದೆ, ಭಾರವನ್ನು ತಲೆ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್‌ನಲ್ಲಿ ಅದು ಆಗದ ಮಾತು. ಲೇತ್ ಅಂಗಡಿಯಲ್ಲಿ ಅರ್ಧ ಕೆಜಿಯ ನಾಲ್ಕು ಬಿಲ್ಲೆ ಕೊರೆಸಿದೆ, ಐನೂರರ ಒಳಗೇ ಆಯಿತು. ಇಷ್ಟು ವರ್ಷದಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಪೂರ್ತಿ ವಸೂಲಾದದ್ದು ಅದೇ. ಯಾವ ವಾರ ಬಿಲ್ಲೆ ಹಾಕಬೇಕು, ಯಾವ ವಾರ ತೆಗೆದು ಹಿಂದೆ ಬರಬೇಕು ಅನ್ನುವ ನನ್ನ ಪಟ್ಟಿ ನಮ್ಮ ಬ್ಯಾಚಿನ ಐದಾರು ಹೆಂಗಸರಿಗೆ ಮಾತ್ರ ಕೊಟ್ಟಿದ್ದೇನೆ.

ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ಒಳಗಿರಬೇಕು ಅಂತಾರೆ, ಅಂದರೆ ಮೂವತ್ತೊಂದೂವರೆ ಇಂಚು. ನನಗೆ ಇನ್ನೂ ಮೂರು ಇಂಚು ಬಾಕಿ. ಅಳೆಯುವುದಾದರೆ ಬೆಳಿಗ್ಗೆ ಕಾಫಿಗೆ ಮುಂಚೆ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ, ಪ್ರತಿ ಸಲ ಅದೇ ಜಾಗದಲ್ಲಿ ಅಳೆಯಿರಿ. ಟೈಲರ್ ಟೇಪ್ ಹಳೇದಾದರೆ ಉದ್ದ ಎಳೆದಿರುತ್ತದೆ, ಹೊಸದು ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ.